ಸೋಲಲೆಂದೇ ಕೂಡಿ ಆಡುವ ಆಟ

ಆಟವೊಂದನ್ನು ವಿಮರ್ಶೆಯ ಪುಟಕ್ಕೆ ಎಳೆದು ತಂದುದಕ್ಕೆ ಕೆಲವು ಓದುಗರು ಹುಬ್ಬೇರಿಸಬಹುದು. ಕಾದಂಬರಿಗಳೂ ಕವನಸಂಕಲನಗಳೂ ಸರದಿ ಕಾಯುತ್ತಿರುವಾಗ ರಟ್ಟಿನ ಹಾಸು, ದಾಳ, ಬಿಲ್ಲೆಗಳ ಮಾತೇಕೆ? ನಮ್ಮ ಸಮಾಧಾನ ಇಷ್ಟೆ: 'ಎಲ್ಡ್ರಿಚ್ ಹಾರರ್' ಎಂಬ ಈ ಆಟದ ಪೆಟ್ಟಿಗೆಯಲ್ಲಿ ತುಂಬಿರುವುದು ಬಹುಪಾಲು ಕಥೆ. ಮೇಜಿನ ಸುತ್ತ ಮೂರು ಗಂಟೆ ಕುಳಿತು ಆ ಕಥೆಯನ್ನು ಓದುತ್ತೇವೆ, ಕೇಳುತ್ತೇವೆ, ಅದರೊಳಗೆ ನಾವೇ ಪಾತ್ರಗಳಾಗುತ್ತೇವೆ; ಹೆಚ್ಚಿನ ಸಲ ಸೋತು ಏಳುತ್ತೇವೆ. ಮನೆಮಂದಿಯನ್ನೆಲ್ಲ ಅಷ್ಟು ಹೊತ್ತು ಒಂದೇ ಕಡೆ ಕೂರಿಸಿದ ಪುಸ್ತಕವನ್ನು ನಾವು ಇತ್ತೀಚೆಗೆ ಕಂಡಿಲ್ಲ.

ಪಗಡೆ, ಚೌಕಾಬಾರಗಳಲ್ಲಿ ನನ್ನ ಕಾಯಿ ಹಣ್ಣಾಗಬೇಕಾದರೆ ನಿನ್ನದನ್ನು ಕಡಿಯಬೇಕು. ಇಲ್ಲಿ ಹಾಗಲ್ಲ. ಆಡುವವರೆಲ್ಲ ಒಂದು ಪಕ್ಷ, ಆಟವೇ ಎದುರಾಳಿ. ಕಾಲ 1926. ಹಾಸಿನ ಮೇಲೆ ಭೂಪಟ. ಪೆಟ್ಟಿಗೆಯಲ್ಲಿ 12 ಮಂದಿ ಶೋಧಕರಿದ್ದಾರೆ: ನಟಿ, ನಾವಿಕ, ಖಗೋಳಜ್ಞ, ಗೂಢಚಾರಿಣಿ, ರಾಜಕಾರಣಿ, ತುತ್ತೂರಿ ಊದುವ ಸಂಗೀತಗಾರ ಇತ್ಯಾದಿ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಲೋಕವನ್ನು ನುಂಗಲು ಕಾದಿರುವ ನಾಲ್ಕು 'ಪುರಾತನ'ಗಳಲ್ಲಿ ಒಂದನ್ನು ಮೊದಲೇ ಆರಿಸಿಕೊಂಡಿರುತ್ತೇವೆ. ಪ್ರತಿ ಸುತ್ತಿನಲ್ಲಿ ತಲಾ ಎರಡು ಕೆಲಸ, ನಂತರ ನಿಂತ ಜಾಗದ ಕಾರ್ಡು ಎತ್ತಿ ಅಲ್ಲಿ ಎದುರಾದುದನ್ನು ಓದುವುದು, ಕೊನೆಗೆ ಆಟದ ಸರದಿ. ಆ ಸರದಿಯಲ್ಲಿ ಒಳ್ಳೆಯದು ಆಗುವುದು ಅಪರೂಪ. ದಾಳ ಹಾಕಿದಾಗ 5 ಅಥವಾ 6 ಬಿದ್ದರೆ ಗೆಲುವು. ಶಾಪ ತಗುಲಿದವನಿಗೆ 6 ಮಾತ್ರ. ಮೂರು ರಹಸ್ಯಗಳನ್ನು ಬಿಡಿಸುವಷ್ಟರಲ್ಲಿ ವಿನಾಶದ ಎಣಿಕೆ ಸೊನ್ನೆಗೆ ಇಳಿಯದಿದ್ದರೆ ನಾವು ಉಳಿದೆವು. ಅಜಾತೋತ್ ಎಂಬ ಪುರಾತನವನ್ನು ಆರಿಸಿಕೊಂಡಿದ್ದರೆ ಸೊನ್ನೆಯಾದ ಕ್ಷಣಕ್ಕೇ ಎಲ್ಲ ಮುಗಿಯಿತು, ಕೊನೆಯ ಹೋರಾಟಕ್ಕೂ ಅವಕಾಶವಿಲ್ಲ.

ಇದರ ವಂಶಾವಳಿ ದೊಡ್ಡದು, ಚಿಕ್ಕದಾಗಿ ಹೇಳುತ್ತೇವೆ. ರಿಚರ್ಡ್ ಲೌನಿಯಸ್ ಅವರು ರಚಿಸಿದ 'ಅರ್ಕಾಮ್ ಹಾರರ್' 1987ರಲ್ಲಿ ಅಮೆರಿಕದಲ್ಲಿ ಬಂತು. 2005ರಲ್ಲಿ ಹೊಸ ರೂಪ ಪಡೆಯಿತು. ಅದರ ಮುಂದಿನ ತಲೆಮಾರೇ 2013ರ ಎಲ್ಡ್ರಿಚ್ ಹಾರರ್. ಕರ್ತೃಗಳು ಕೋರಿ ಕೊನಿಯೆಚ್ಕಾ ಮತ್ತು ನಿಕ್ಕಿ ವ್ಯಾಲೆನ್ಸ್. 2018ರವರೆಗೆ ಇದಕ್ಕೆ ಎಂಟು ಪುರವಣಿ ಪೆಟ್ಟಿಗೆಗಳು ಬಂದವು. ಅವನ್ನೆಲ್ಲ ಕೊಂಡರೆ ಮುಂಬಯಿಯ ಫ್ಲ್ಯಾಟಿನಲ್ಲಿ ಇಡುವುದೆಲ್ಲಿ ಎಂಬುದೇ ಬೇರೊಂದು ಭಯಾನಕ ಕಥೆ.

ಕೂಡಿ ಆಡುವ ಆಟಗಳಿಗೆ ಒಂದು ಹಳೆಯ ರೋಗವಿದೆ. ಮೇಜಿನಲ್ಲಿ ಒಬ್ಬ ಜಾಣ ಇದ್ದರೆ ಸಾಕು, ಉಳಿದವರೆಲ್ಲ ಅವನ ಕೈಯಾಳುಗಳಾಗುತ್ತಾರೆ. "ನೀನು ಅಲ್ಲಿಗೆ ಹೋಗು, ನೀನು ಇದನ್ನು ತೆಗೆದುಕೋ" ಎಂದು ಅವನೇ ನಾಲ್ವರ ಆಟವನ್ನೂ ಆಡಿಬಿಡುತ್ತಾನೆ. ಇದು ಸಹಕಾರವಲ್ಲ, ಯಜಮಾನಿಕೆ. ನಮ್ಮ ಸಂಘಸಂಸ್ಥೆಗಳ ಕಾರ್ಯಕಾರಿ ಸಮಿತಿಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. 2008ರಲ್ಲಿ ಬಂದ ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' ಸೊಗಸಾದ ಆಟ, ಆದರೆ ಅದರಲ್ಲಿ ಬಹಳಷ್ಟು ಸಂಗತಿ ಎಲ್ಲರ ಕಣ್ಣಿಗೂ ಬಿದ್ದಿರುವುದರಿಂದ ಲೆಕ್ಕ ಬಲ್ಲವನದೇ ಮಾತು ನಡೆಯುತ್ತದೆ. ಎಲ್ಡ್ರಿಚ್ ಹಾರರ್ ಈ ಜಾಣನ ಕಾಲು ಮುರಿಯುತ್ತದೆ. ಮುಂದಿನ ಕಾರ್ಡಿನಲ್ಲಿ ಏನಿದೆಯೆಂದು ಅವನಿಗೂ ಗೊತ್ತಿಲ್ಲ. ಅವನ ಸಲಹೆಯಂತೆ ಇಸ್ತಾಂಬುಲಿಗೆ ಹೋದವಳಿಗೆ ಗಾಯವಾಯಿತೆಂದರೆ ಮುಂದಿನ ಸುತ್ತಿಗೆ ಅವನ ದನಿ ತಾನೇ ತಗ್ಗುತ್ತದೆ.

ಆಟದ ಅತ್ಯಂತ ಪ್ರತಿಭಾವಂತ ಕಲ್ಪನೆ ನಮ್ಮ ದೃಷ್ಟಿಯಲ್ಲಿ ಯಾವ ರಾಕ್ಷಸನೂ ಅಲ್ಲ, ಸಾಲದ ಕಾರ್ಡು. ಸಾಮಾನು ಕೊಳ್ಳಲು ದಾಳದ ಬಲ ಸಾಲದಿದ್ದರೆ ಸಾಲ ಎತ್ತಬಹುದು. ಎರಡು ಗೆಲುವುಗಳಷ್ಟು ಬಲ ಒಡನೆ ಸಿಗುತ್ತದೆ. ಆದರೆ ಕಾರ್ಡಿನ ಹಿಂಬದಿಯನ್ನು ನೋಡುವಂತಿಲ್ಲ. ಲೆಕ್ಕ ತೀರಿಸುವ ಹೊತ್ತು ಬಂದಾಗ ಮಾತ್ರ ಅದು ಮಗುಚಿಕೊಳ್ಳುತ್ತದೆ. ಒಂದೊಂದು ಸಾಲದ ಹಿಂದೆ ಒಂದೊಂದು ಬಗೆಯ ವಸೂಲಿ. ನಮ್ಮೊಡನೆ ಆಡಲು ಕುಳಿತಿದ್ದ ಅತ್ತೆಯವರು ಈ ನಿಯಮ ಕೇಳಿದೊಡನೆ ಕೈ ಹಿಂದಕ್ಕೆಳೆದುಕೊಂಡರು: "ಹಿಂದೆ ಏನು ಬರೆದಿದೆ ಅಂತ ನೋಡದೆ ಸಾಲದ ಕಾಗದ ಮುಟ್ಟೋದುಂಟೇನೋ?" ಅವರು ಕೊನೆಯವರೆಗೂ ಸಾಲ ಮಾಡಲಿಲ್ಲ. ಆ ಸಂಜೆ ಗಾಯವಿಲ್ಲದೆ ಉಳಿದ ಪಾತ್ರವೂ ಅವರದೊಂದೇ.

ಅತ್ತೆಯವರ ಮಾತು ಬಂದುದರಿಂದ ಭಾಷೆಯ ಪ್ರಶ್ನೆಗೆ ಬರೋಣ. ಕಾರ್ಡುಗಳೆಲ್ಲ ಇಂಗ್ಲಿಷಿನಲ್ಲಿವೆ, ಅದೂ ಹೊಗೆ ಮುಸುಕಿದ, ಗುಣವಾಚಕಗಳು ಕಿಕ್ಕಿರಿದ ಇಂಗ್ಲಿಷು. ಮಕ್ಕಳು ಪಟಪಟನೆ ಓದಿ ಮುಂದೆ ಹೋಗುತ್ತಾರೆ, ಹಿರಿಯರು ಪ್ರೇಕ್ಷಕರಾಗುತ್ತಾರೆ. ಕೂಡಿ ಆಡಲೆಂದು ತಂದ ಆಟ ಮನೆಯನ್ನು ಎರಡು ಪಾಲು ಮಾಡಿದರೆ ಅದಕ್ಕಿಂತ ದೊಡ್ಡ ಸೋಲು ಯಾವುದು? ನಾವು ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡೆವು: ಕಾರ್ಡು ಎತ್ತಿದವರು ಅದನ್ನು ಕನ್ನಡದಲ್ಲೇ ಹೇಳಬೇಕು. ಮೊದಲ ದಿನ ಮಕ್ಕಳಿಗೆ ಇದು ಶಿಕ್ಷೆಯಂತಿತ್ತು. ಶೋಧಕನಿಗೆ ಎರಡು ಬಗೆಯ ಶಕ್ತಿಗಳಿವೆ; ಒಂದು ದೇಹದ್ದು, ಇನ್ನೊಂದು ಮನಸ್ಸಿನದು. ಎರಡನೆಯದಕ್ಕೆ ಏನೆನ್ನಬೇಕು? 'ಚಿತ್ತಸ್ವಾಸ್ಥ್ಯ' ಎಂದು ನಾವು ಅಂದರೆ ಹುಡುಗ 'ತಲೆ ನೆಟ್ಟಗಿರೋದು' ಎಂದ. ಅವನದೇ ಉಳಿಯಿತು. ಮೂರನೆಯ ಸಲ ಆಡುವಾಗ ಅವನು ಅಜ್ಜಿಗೆ ಕಾರ್ಡು ಹೇಳುತ್ತಿದ್ದ ರೀತಿ ಹರಿಕಥೆದಾಸರನ್ನು ನೆನಪಿಸುತ್ತಿತ್ತು, ಕಾರ್ಡಿನಲ್ಲಿ ಇಲ್ಲದ್ದನ್ನೂ ಸೇರಿಸುತ್ತಿದ್ದ.

ಆದರೂ ಅತ್ತೆಯವರಿಗೆ ಒಂದು ಆಕ್ಷೇಪ ಉಳಿದೇ ಇತ್ತು, ಅದು ವಿಮರ್ಶಕನದೇ ಆಕ್ಷೇಪ: ಈ ಭೂತಗಳಿಗೆ ಬೇಕಾದ್ದೇನು? ನಮ್ಮ ಕಥೆಗಳ ದೆವ್ವಕ್ಕೆ ಒಂದು ಆಸೆ ಉಳಿದಿರುತ್ತದೆ, ಒಂದು ಅನ್ಯಾಯವಾಗಿರುತ್ತದೆ; ಎಡೆಯಿಟ್ಟರೆ, ಮಾತು ನಡೆಸಿಕೊಟ್ಟರೆ ಅದು ಹೊರಟುಹೋಗುತ್ತದೆ. ಈ ಪುರಾತನಗಳಿಗೆ ಮನುಷ್ಯನ ಮೇಲೆ ಹಗೆಯೂ ಇಲ್ಲ. ಇರುವೆಯನ್ನು ತುಳಿಯುವ ಕಾಲಿಗೆ ಇರುವೆಯ ಗೊಡವೆ ಎಲ್ಲಿ? ಈ ನಿರ್ಲಕ್ಷ್ಯವೇ ಎಚ್. ಪಿ. ಲವ್‌ಕ್ರಾಫ್ಟ್ (1890-1937) ಕಂಡ ಭೀತಿ. ಆಟ ಅವನ ಕಥಾಲೋಕದಿಂದಲೇ ಹುಟ್ಟಿದ್ದು.

ಇಲ್ಲಿ ನಾವು ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. ಲವ್‌ಕ್ರಾಫ್ಟನು 1924ರಿಂದ 1926ರವರೆಗೆ ನ್ಯೂಯಾರ್ಕಿನಲ್ಲಿದ್ದ. ಬಂದರಿನ ಹತ್ತಿರದ ಬೀದಿಗಳಲ್ಲಿ ಹತ್ತಾರು ದೇಶಗಳಿಂದ ಹೊಟ್ಟೆಪಾಡಿಗೆ ಬಂದ ಜನ, ಅರ್ಥವಾಗದ ಭಾಷೆಗಳು. ಅದನ್ನು ಕಂಡು ಅವನಿಗೆ ಅಸಹ್ಯವಾಯಿತು, ಅಸಹ್ಯ ಭಯವಾಯಿತು, ಭಯ ಕಥೆಯಾಯಿತು. 1925ರಲ್ಲಿ ಬರೆದ 'ದಿ ಹಾರರ್ ಅಟ್ ರೆಡ್ ಹುಕ್' ಕಥೆಯಲ್ಲಿ ಪಿಶಾಚಪೂಜೆ ಮಾಡುವವರು ಆ ವಲಸೆಗಾರರೇ. ಅಂದರೆ ಬೇರೆಯವರ ಊರಿಗೆ ಬಂದು, ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆ ಆಡುತ್ತ ಬದುಕುವ ನಮ್ಮಂಥವರನ್ನು ಕಂಡೇ ಅವನು ಹೆದರಿದ್ದು. 2016ರಲ್ಲಿ ವಿಕ್ಟರ್ ಲವಾಲ್ ಎಂಬ ಕರಿಯ ಅಮೆರಿಕನ್ ಲೇಖಕರು 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಎಂಬ ಕಿರುಕಾದಂಬರಿಯಲ್ಲಿ ಅದೇ ಕಥೆಯನ್ನು ಕರಿಯ ಯುವಕನ ಕಡೆಯಿಂದ ತಿರುಗಿಸಿ ಬರೆದರು. ಅದಕ್ಕೂ ಮೊದಲೇ, 2015ರಲ್ಲಿ, ವಿಶ್ವ ಫ್ಯಾಂಟಸಿ ಪ್ರಶಸ್ತಿಯವರು ಲವ್‌ಕ್ರಾಫ್ಟನ ಮುಖವಿದ್ದ ಸ್ಮರಣಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿದ್ದರು.

ಆಟ ಈ ಕೊಳೆಯನ್ನು ತೊಳೆದಿದೆಯೇ? ಅರ್ಧ ತೊಳೆದಿದೆ. ಆಫ್ರಿಕದ ಅಕಾಚಿ ಒನ್ಯೇಲೆ, ಚೀನಾ ಮೂಲದ ಲಿಲಿ ಚೆನ್ ಇಲ್ಲಿ ಲೋಕವನ್ನು ಕಾಯುವವರ ಸಾಲಿನಲ್ಲಿದ್ದಾರೆ. ಲವ್‌ಕ್ರಾಫ್ಟನ ಲೇಖನಿಯಿಂದ ಹೀಗಾಗುತ್ತಿರಲಿಲ್ಲ. ಭೂಪಟ ಮಾತ್ರ ಹಳೆಯದೇ. ಹೆಸರು ಪಡೆದ ನಗರಗಳು ಒಂಬತ್ತು: ಸ್ಯಾನ್ ಫ್ರಾನ್ಸಿಸ್ಕೊ, ಬ್ಯೂನಸ್ ಐರಿಸ್, ಲಂಡನ್, ರೋಮ್, ಇಸ್ತಾಂಬುಲ್, ಶಾಂಘಾಯ್, ಟೋಕಿಯೊ, ಸಿಡ್ನಿ, ಜೊತೆಗೆ ಕಲ್ಪಿತ ಅರ್ಕಾಮ್. ಇಡೀ ಆಫ್ರಿಕ ಖಂಡದಲ್ಲಿ ಹೆಸರಿರುವುದು ಪಿರಮಿಡ್ಡುಗಳಿಗೆ ಮತ್ತು 'ಆಫ್ರಿಕದ ಹೃದಯ'ಕ್ಕೆ. ನಮ್ಮ ಪಾಲಿಗೆ ಹಿಮಾಲಯ! 1926ರ ಬೊಂಬಾಯಿ, ಕಲ್ಕತ್ತ, ಮದರಾಸುಗಳಿಗೆ ಹೆಸರೇ ಇಲ್ಲ. ಮನುಷ್ಯರು ಇರುವ ಕಡೆ ನಗರ, ನಿಧಿ ಹುಡುಕುವ ಕಡೆ ನಾವು. ಹುಡುಗ ಭೂಪಟದ ಮೇಲೆ ಬೆರಳಾಡಿಸಿ "ನಮ್ಮೂರೆಲ್ಲಿ?" ಎಂದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಇತರ ದೋಷಗಳು ಚಿಲ್ಲರೆ. ಎಂಟು ಮಂದಿಯವರೆಗೆ ಆಡಬಹುದೆಂದು ಪೆಟ್ಟಿಗೆ ಹೇಳುತ್ತದೆ; ನಂಬಬೇಡಿ, ಸರದಿ ಬರುವಷ್ಟರಲ್ಲಿ ಕಾಫಿ ಆರುತ್ತದೆ. ಮೂವರು ನಾಲ್ವರಿಗೆ ಹಿತ. ನಿಯಮ ಕಲಿಯಲು ಒಂದು ಭಾನುವಾರ ಬೇಕೇ ಬೇಕು. ಕೆಲವು ಸೋಲುಗಳು ನಮ್ಮ ತಪ್ಪಿಲ್ಲದೆ ಬರುತ್ತವೆ. ದಾಳ ಬೀಳಲಿಲ್ಲ, ಅಷ್ಟೆ.

ಕೊನೆಯದಾಗಿ, ನಮಗೆ ಹಿಡಿಸಿದ ಒಂದು ನಿಯಮ. ಶೋಧಕನೊಬ್ಬ ಮುರಿದುಬಿದ್ದರೆ ಆಡುವವರು ಆಟದಿಂದ ಹೊರಗೆ ಹೋಗುವುದಿಲ್ಲ, ಹೊಸ ಪಾತ್ರ ಹಿಡಿಯುತ್ತಾರೆ. ಹಳೆಯವನ ಕಾಯಿ ಹತ್ತಿರದ ನಗರದಲ್ಲಿ ಬಿದ್ದಿರುತ್ತದೆ. ಯಾರಾದರೂ ಅಲ್ಲಿಗೆ ಹೋಗಿ ಅವನನ್ನು ಕಾಣಬಹುದು, ಆಗ ಅವನ ಹಾಳೆಯ ಹಿಂಬದಿಯನ್ನು ಓದಬೇಕು. ದೇಹ ಸೋತು ಬಿದ್ದಿದ್ದರೆ ಒಂದು ಕಥೆ, ತಲೆ ಕೆಟ್ಟಿದ್ದರೆ ಇನ್ನೊಂದು. ಅವನ ಬಳಿ ಉಳಿದ ಸಾಮಾನು ಹೋದವರಿಗೆ ಸೇರುತ್ತದೆ. ಅಂದು ಶಾಂಘಾಯಿನಲ್ಲಿ ಬಿದ್ದಿದ್ದ ನಾವಿಕ ನಮ್ಮವನೇ. ಅಲ್ಲಿಗೆ ಹೋದರೆ ಒಂದು ಸುತ್ತು ವ್ಯರ್ಥವೆಂದು ಲೆಕ್ಕ ಬಲ್ಲವರು ಹೇಳಿದರು. ಅತ್ತೆಯವರು ಕೇಳಲಿಲ್ಲ, "ಅವನನ್ನ ನೋಡಿಕೊಂಡು ಬರ್ತೀನಿ" ಎಂದು ಹಡಗು ಹತ್ತಿದರು. ಎರಡು ಸುತ್ತು ಕಳೆದು ನಾವು ಸೋತೆವು.