ಕತೆಯಲ್ಲಿ ಉಳಿಯುವ ಇತಿಹಾಸ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇತಿಹಾಸವನ್ನು ಕತೆಯ ಮೂಲಕ ಕಲಿಸಬೇಕೆಂಬ ಮಾತಿಗೆ ನಮ್ಮ ತಕರಾರಿಲ್ಲ. ಇಸವಿಗಳ ಪಟ್ಟಿಯನ್ನು ಮಗು ಪರೀಕ್ಷೆಯ ಮರುದಿನ ಮರೆಯುತ್ತದೆ. ಕತೆ ಉಳಿಯುತ್ತದೆ. ಅದೇ ಕತೆಯ ಬಲ, ಅದರ ಅಪಾಯವೂ ಅದೇ. ಎಂಟರ ಪ್ರಾಯದಲ್ಲಿ ಮನಸ್ಸಿಗಿಳಿದ ನಾಯಕನನ್ನಾಗಲಿ ಖಳನಾಯಕನನ್ನಾಗಲಿ ಮುಂದೆ ಯಾವ ಪಾಠವೂ ಸುಲಭವಾಗಿ ಕದಲಿಸಲಾರದು.

ನಮ್ಮದೇ ನಾಡಿನ ಒಂದು ಪ್ರಸಂಗವನ್ನು ನೋಡೋಣ. 1792ರಲ್ಲಿ, ಮೂರನೆಯ ಮೈಸೂರು ಯುದ್ಧದ ಕೊನೆಗೆ, ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ತಲೆಬಾಗಬೇಕಾಯಿತು. ಅರ್ಧ ರಾಜ್ಯ ಕೈಬಿಟ್ಟಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿಯ ದಂಡ. ಅದರ ಭದ್ರತೆಗೆಂದು ಸುಲ್ತಾನನ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಖ್ ಮತ್ತು ಮುಯಿಝುದ್ದೀನ್, ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ವಶಕ್ಕೆ ಹೋದರು. ಮರಳಿ ಬಂದದ್ದು 1794ರಲ್ಲಿ. ನಾಲ್ಕನೇ ತರಗತಿಯ ಮಗುವಿಗೆ ಇದಕ್ಕಿಂತ ಹತ್ತಿರದ ಕತೆ ಬೇರೆ ಬೇಕೆ?

ಆದರೆ ಈ ಕತೆಯನ್ನು ಲೋಕಕ್ಕೆ ಸಾರಿದವರು ಗೆದ್ದವರು. ಸೇನೆಯ ಜೊತೆಗಿದ್ದ ರಾಬರ್ಟ್ ಹೋಮ್ ಇದರ ಚಿತ್ರ ಬರೆದ. ಭಾರತವನ್ನು ಕಾಣದ ಮ್ಯಾಥರ್ ಬ್ರೌನ್ ಲಂಡನ್ನಿನಲ್ಲಿ ಕುಳಿತೇ ಬರೆದ. ಈ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ಬರಮಾಡಿಕೊಳ್ಳುವ ಕರುಣಾಳು. ಅವರನ್ನು ತಂದೆಯಿಂದ ಅಗಲಿಸಿದವನೂ ಅವನೇ ಎಂಬುದು ಬಣ್ಣದಲ್ಲಿ ಮರೆಯಾಗುತ್ತದೆ. ನಾವು ಅದನ್ನು ತಿರುಗಿಸಿ ಟಿಪ್ಪುವಿನ ತ್ಯಾಗದ ಕತೆಯಾಗಿ ಹೇಳುತ್ತೇವೆ. ಮಕ್ಕಳ ಕಣ್ಣು ತುಂಬುತ್ತದೆ, ಆದರೆ ಪ್ರಶ್ನೆ ಹುಟ್ಟುವುದಿಲ್ಲ.

ಹುಟ್ಟಬೇಕಾದ ಪ್ರಶ್ನೆ ಒಂದಿದೆ. ಟಿಪ್ಪುವಿನ ಸೈನ್ಯ ಕೊಡಗಿನಿಂದ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕುಟುಂಬಗಳಲ್ಲೂ ಮಕ್ಕಳಿದ್ದರಲ್ಲವೇ? 1791ರಲ್ಲಿ ಮರಾಠಾ ಸೇನೆಯ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ನೆರವು ಕಳಿಸಿದವನೂ ಇದೇ ಟಿಪ್ಪು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ವಕೀಲಿಕೆಯಾದೀತೇ ಹೊರತು ಇತಿಹಾಸವಾಗದು. ಸರಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟ ಟಿಪ್ಪು ಜಯಂತಿಯ ಸುತ್ತ ಹಿರಿಯರು ಮಾಡಿದ್ದು ಈ ವಕೀಲಿಕೆಯನ್ನೇ. ತರಗತಿಯಲ್ಲಿ ಮುಸ್ಲಿಂ ಮಗುವೂ ಕೊಡವ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಕತೆ ಮುಗಿದಾಗ ಇಬ್ಬರಲ್ಲಿ ಯಾರೂ ತಲೆ ತಗ್ಗಿಸುವಂತಾಗಬಾರದು. ಯಾರಿಂದಲೂ ಸತ್ಯವನ್ನು ಬಚ್ಚಿಡಲೂ ಬಾರದು.

ಇದು ಕಷ್ಟದ ಕೆಲಸ, ಆದರೆ ಅಸಾಧ್ಯವಲ್ಲ. ಕತೆ ಹೇಳುವ ಶಿಕ್ಷಕರು ತಿಳಿದದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ ಹೇಳಲಿ. 'ಆ ರಾತ್ರಿ ಮಕ್ಕಳು ಅತ್ತರು' ಎನ್ನುವ ಬದಲು 'ಅತ್ತಿರಬಹುದು' ಎನ್ನಲಿ. ಚಿತ್ರ ತೋರಿಸಿ, 'ಇದನ್ನು ಬರೆದವರು ಯಾರ ಕಡೆಯವರು?' ಎಂದು ಕೇಳಲಿ. 'ಇದು ನಿಮಗೆ ಹೇಗೆ ಗೊತ್ತು, ಟೀಚರ್?' ಎಂದು ಮಗು ಮರಳಿ ಕೇಳಿದ ದಿನ ಇತಿಹಾಸದ ಪಾಠ ಶುರುವಾಯಿತೆಂದು ತಿಳಿಯಬೇಕು. ಆ ಪ್ರಶ್ನೆಗೆ ಸಿಡುಕದ ಶಿಕ್ಷಕರು ನಮಗೆ ಬೇಕಾಗಿದ್ದಾರೆ.