ಗಿಟಾರಿನ ಸಣ್ಣ ದನಿ

ಗಿಟಾರೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿನೆಮಾ ಹಾಡಿನ ನಡುವೆ ಬಂದುಹೋಗುವ ವಾದ್ಯ. ಸ್ಪೇನಿನ ಶಾಸ್ತ್ರೀಯ ಗಿಟಾರ್ ಬೇರೆಯೇ. ವಿದ್ಯುತ್ತಿನ ಹಂಗಿಲ್ಲದೆ ಬೆರಳುಗಳಿಂದ ಮೀಟುವ ಅದರ ದನಿ ಬಹಳ ಸಣ್ಣದು. ಪಿಟೀಲು, ತುತ್ತೂರಿಗಳ ದೊಡ್ಡ ವಾದ್ಯವೃಂದದ ಎದುರು ಅದನ್ನು ಕೂರಿಸಿದರೆ ಕೇಳಿಸುವುದಾದರೂ ಹೇಗೆ?

ಹೊವಾಕಿನ್ ರೊಡ್ರಿಗೊ (1901–1999) ಇದಕ್ಕೆ ಉತ್ತರ ಕಂಡುಕೊಂಡದ್ದು 1939ರಲ್ಲಿ, ಪ್ಯಾರಿಸ್ಸಿನಲ್ಲಿದ್ದಾಗ. ಮೂರರ ಪ್ರಾಯದಲ್ಲೇ ಡಿಫ್ತೀರಿಯಾದಿಂದ ದೃಷ್ಟಿ ಕಳೆದುಕೊಂಡಿದ್ದ ಅವರ 'ಕೊನ್ಸಿಯೆರ್ತೊ ದೆ ಅರಾನ್‌ಹುಯೆಸ್' ಮರುವರ್ಷ ಬಾರ್ಸಿಲೋನಾದಲ್ಲಿ ಮೊದಲ ಬಾರಿಗೆ ನುಡಿಯಿತು. ಅದರಲ್ಲಿ ಗಿಟಾರ್ ಮಾತಾಡುವಾಗ ವಾದ್ಯವೃಂದ ತಗ್ಗುತ್ತದೆ. ಎರಡನೆಯ ಭಾಗದಲ್ಲಿ ಗಿಟಾರಿನ ಮೆಲುಮೀಟಿನ ಮೇಲೆ 'ಕೋರ್ ಆಂಗ್ಲೆ' ಎಂಬ ಊದುವ ವಾದ್ಯ ಒಂದು ಧಾಟಿಯನ್ನು ಎತ್ತಿಕೊಳ್ಳುತ್ತದೆ. ಗಿಟಾರ್ ಅದನ್ನೇ ಅಲಂಕರಿಸಿ ಮರಳಿ ನುಡಿಸುತ್ತದೆ. ಕೊನೆಗೆ ಇಡೀ ವೃಂದ ಅದೇ ಧಾಟಿಯನ್ನು ಎತ್ತರಿಸಿ ಹಾಡುವಾಗ ಗಿಟಾರ್ ಮೌನ. ಆ ದಿನಗಳಲ್ಲಿ ದಂಪತಿ ತಮ್ಮ ಮೊದಲ ಮಗುವನ್ನು ಹುಟ್ಟುವ ಮುನ್ನವೇ ಕಳೆದುಕೊಂಡಿದ್ದರೆಂದು ಪತ್ನಿ ವಿಕ್ಟೋರಿಯಾ ಕಮ್ಹಿ ಬರೆದಿದ್ದಾರೆ. ಅದು ಗೊತ್ತಿಲ್ಲದವರನ್ನೂ ಆ ದರ್ದ್ ಮುಟ್ಟುತ್ತದೆ.

ನಮ್ಮ ತಕರಾರಿರುವುದು ಧ್ವನಿಮುದ್ರಿಕೆಗಳ ಬಗ್ಗೆ. ಎಷ್ಟೋ ಮುದ್ರಿಕೆಗಳಲ್ಲಿ ಮೈಕನ್ನು ಗಿಟಾರಿನ ಮಗ್ಗುಲಲ್ಲೇ ಇಟ್ಟು, ಅದರ ದನಿಯನ್ನು ವೃಂದದಷ್ಟೇ ಊದಿಸಿಬಿಡುತ್ತಾರೆ. ಸಣ್ಣವನು ಸಣ್ಣವನಾಗಿ ಉಳಿಯದಿದ್ದರೆ ಆ ಕೊನೆಯ ಎತ್ತರಕ್ಕೆ ಅರ್ಥವೇನು? ನಾರ್ಸಿಸೊ ಯೆಪೆಸ್ 1950ರ ದಶಕದಲ್ಲಿ ಅತೌಲ್ಫೊ ಅರ್ಹೆಂತಾರ ನಿರ್ದೇಶನದಲ್ಲಿ ನುಡಿಸಿದ ಮುದ್ರಿಕೆಗಳು ಇಂದಿನ ಕಿವಿಗೆ ಹಳತು. ಆದರೂ ಎರಡನೆಯ ಭಾಗಕ್ಕೆ ನಾವು ಮರಳುವುದು ಅಲ್ಲಿಗೇ. ಅವರಿಗೆ ಅವಸರವಿಲ್ಲ, ಅಳಿಸುವ ಹಟವೂ ಇಲ್ಲ. ಮೊದಲ ಭಾಗಕ್ಕಾದರೆ ಪಾಕೊ ದೆ ಲೂಸಿಯಾ 1991ರಲ್ಲಿ ನುಡಿಸಿದ್ದನ್ನು ಕೇಳಬೇಕು. ಸ್ವರಲಿಪಿ ಓದಿ ಬೆಳೆದವರಲ್ಲ, ಫ್ಲಮೆಂಕೊ ಪರಂಪರೆಯವರು. ಲಯದ ಹೊರಳು ಅವರ ಬೆರಳಿಗೆ ಮನೆಮಾತು. ಶಾಲೆಯಲ್ಲಿ ಕಲಿತ ಪಂಡಿತರಿಗೆ ಅದು ಲೆಕ್ಕವಾಗಿಯೇ ಉಳಿಯುತ್ತದೆ.

ವೃಂದದ ಗೊಡವೆಯಿಲ್ಲದ ಒಂಟಿ ಗಿಟಾರಿನ ಕೃತಿಗಳಲ್ಲಿ ಫ್ರಾನ್ಸಿಸ್ಕೊ ತಾರ್ರೆಗಾರ 'ಅಲ್‌ಹಂಬ್ರಾದ ನೆನಪುಗಳು' ಅತಿ ಜನಪ್ರಿಯ. ಹೆಬ್ಬೆರಳು ತಗ್ಗಿನ ತಂತಿಗಳಲ್ಲಿ ನಡೆಯುತ್ತಿರಲು, ಉಳಿದ ಮೂರು ಬೆರಳುಗಳು ಒಂದೇ ಸ್ವರವನ್ನು ಸರಸರನೆ ಮೀಟುತ್ತವೆ. ತುಂಡಾಗುವ ನಾದ ಎಳೆಯಂತೆ ಕೇಳಿಸುತ್ತದೆ. ಹೆಸರು ಕೇಳಿದೊಡನೆ ನಮ್ಮವರಿಗೆ 1492ರ ಗ್ರಾನಡಾ ಕಣ್ಣಿಗೆ ಕಟ್ಟುತ್ತದೆ. ಕಳೆದುಹೋದ ಸಲ್ತನತ್ತಿಗೆ ಇದು ಮರ್ಸಿಯಾ ಎಂದೇ ಕೇಳುತ್ತಾರೆ. ನುಡಿಸುವವರೂ ಅದಕ್ಕೆ ತಕ್ಕಂತೆ ಎಳೆದೆಳೆದು ನಿಟ್ಟುಸಿರಿಡುತ್ತಾರೆ. ಆದರೆ ಕೃತಿಯ ಎರಡನೆಯ ಭಾಗ ಮೈನರ್‌ನಿಂದ ಮೇಜರ್‌ಗೆ, ಅಂದರೆ ಮಬ್ಬಿನಿಂದ ಬೆಳಕಿಗೆ ಹೊರಳುತ್ತದೆ. ಆ ಹೊರಳನ್ನು ಶೋಕದಲ್ಲಿ ಮುಳುಗಿಸದೆ ನುಡಿಸಿದ ಮುದ್ರಿಕೆ ಸಿಕ್ಕರೆ ಬಿಡಬೇಡಿ.