ಹೆಣ್ಣಿನ ಮಂಕು: ಮನೆಯದೋ, ಮೈಯದೋ?

ಹೆಣ್ಣುಮಗಳೊಬ್ಬಳು ಮಂಕಾಗಿ ಮೂಲೆ ಹಿಡಿದರೆ ನಾವು ಎರಡೇ ಮಾತು ಬಲ್ಲೆವು: ಗಾಳಿ ಸೋಕಿದೆ, ಇಲ್ಲವೇ ಸೊಕ್ಕು. ಹಾಸನದ ಪೇಟೆಯಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಾಗಲಿ ತಾಯತ ಮೊದಲು, ವೈದ್ಯರು ಕೊನೆಗೆ. ಈ ಮಾತುಗಳನ್ನು ನಮ್ಮ ಕಥನ ಸಾಹಿತ್ಯ ಎಂದೋ ಪ್ರಶ್ನಿಸಿದೆ.

ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ಬಳಿಕ ಮನೋರೋಗಕ್ಕೆ ತುತ್ತಾಗುತ್ತಾಳೆ. ಆಸ್ಪತ್ರೆ ಅವಳನ್ನು ಗುಣಪಡಿಸುತ್ತದೆ. ಮನೆ ಅದನ್ನು ನಂಬುವುದಿಲ್ಲ. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರ ಮಾಡಿದಾಗ ನಾಡೇ ಕಣ್ಣೀರಿಟ್ಟಿತು. ಹಾಸನದವರೇ ಆದ ಬಾನು ಮುಷ್ತಾಕರ ‘ಎದೆಯ ಹಣತೆ’ಯಲ್ಲಿ, ಗಂಡ ಕೈಬಿಟ್ಟ ಮೆಹರುನ್ ಕೂಸಿನೊಂದಿಗೆ ತವರಿಗೆ ಬರುತ್ತಾಳೆ. ಸಹೋದರರು ಅವಳನ್ನು ಅದೇ ಮನೆಗೆ ಮರಳಿಸುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ಸಲ್ಮಾ ತಡೆಯುತ್ತಾಳೆ. 2025ರ ಅಂತಾರಾಷ್ಟ್ರೀಯ ಬುಕರ್ ಪಡೆದ ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟದ್ದು ಈ ಕಥೆಯೇ.

ಇವುಗಳಲ್ಲಿ ನಾವು ಗಂಡನನ್ನು ಕಂಡೆವು, ತವರನ್ನು ಕಂಡೆವು. ಮೈಯನ್ನು ಕಾಣಲಿಲ್ಲ. ಜ್ವರ ಬಂದಾಗ ಊಟ ಸೇರದು, ಜನ ಬೇಡ, ಮಲಗಿದರೆ ಸಾಕು ಎನಿಸುತ್ತದಲ್ಲವೇ? ರೋಗದೊಡನೆ ಹೋರಾಡುವ ನಿರೋಧಕ ವ್ಯವಸ್ಥೆ ಸೈಟೊಕೈನ್ ಎಂಬ ರಾಸಾಯನಿಕಗಳ ಮೂಲಕ ಮಿದುಳಿಗೆ ಕಳಿಸುವ ಸೂಚನೆಯದು. ಈ ಉರಿಯೂತ ಆರದೆ ಉಳಿದರೆ ಖಿನ್ನತೆಗೆ ದಾರಿಯಾಗಬಲ್ಲದು. ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದಾಗ, ಅದುವರೆಗೆ ಖಿನ್ನತೆಯಿಲ್ಲದ ಎಷ್ಟೋ ರೋಗಿಗಳು ಖಿನ್ನರಾದರು. ಹೆರಿಗೆಯ ನಂತರ ನಿರೋಧಕ ವ್ಯವಸ್ಥೆಯಲ್ಲಾಗುವ ಏರುಪೇರನ್ನೂ ಸಂಶೋಧಕರು ಬಾಣಂತಿಯರ ಮನೋರೋಗದೊಡನೆ ಇಟ್ಟು ನೋಡುತ್ತಿದ್ದಾರೆ.

ಎಲ್ಲ ಖಿನ್ನತೆಗೂ ಇದೇ ಕಾರಣವಲ್ಲ. 2013ರಲ್ಲಿ ಅಮೆರಿಕದಲ್ಲಿ 60 ರೋಗಿಗಳ ಮೇಲೆ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧಿಯ ಪ್ರಯೋಗ ನಡೆಯಿತು. ಒಟ್ಟಾರೆ ಪ್ರಯೋಜನ ಕಾಣಲಿಲ್ಲ; ರಕ್ತದಲ್ಲಿ ಉರಿಯೂತ ಹೆಚ್ಚಿದ್ದವರಲ್ಲಿ ಮಾತ್ರ ಗುಣದ ಸೂಚನೆಯಿತ್ತು.

ಹಾಗಾದರೆ ದೋಷ ರಕ್ತದ್ದು, ಮನೆಯವರು ಪಾರೇ? ಇಲ್ಲ. ದಿನವೂ ಹೆದರಿಕೆ, ಅವಮಾನ, ನಿದ್ದೆಗೇಡು ಅನುಭವಿಸುವವರಲ್ಲಿ ಈ ಉರಿಯೂತವೇ ಹೆಚ್ಚಬಲ್ಲದು. ಮನೆಯ ಬೇಗೆ ಮೈಗೂ ಇಳಿಯುತ್ತದೆ. ಕಥೆಗಾರ್ತಿ ಹೇಳಿದ್ದನ್ನು ಪ್ರಯೋಗಾಲಯ ಸುಳ್ಳು ಮಾಡುತ್ತಿಲ್ಲ, ಅದಕ್ಕೆ ಸಾಕ್ಷಿ ನುಡಿಯುತ್ತಿದೆ.

ಎರಡು ಕೃತಿಗಳನ್ನೂ ಜೊತೆಗಿಟ್ಟು ಓದಬೇಕಾದ್ದು ಇದಕ್ಕೇ. ಕಾವೇರಿಗೆ ಆಸ್ಪತ್ರೆ ಸಿಕ್ಕಿತು, ಮನೆ ಸಿಗಲಿಲ್ಲ. ಮೆಹರುನ್‌ಗೆ ಮಗಳ ಕೈ ಸಿಕ್ಕಿತು, ವೈದ್ಯರು ಸಿಗಲಿಲ್ಲ. ಸಲ್ಮಾಳ ಕೈ ಆ ರಾತ್ರಿಯನ್ನು ದಾಟಿಸಿತು. ಮರುದಿನವನ್ನು ದಾಟಿಸುವ ಹೊಣೆ ಮಗುವಿನದಲ್ಲ, ನಮ್ಮದು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ತೆರೆಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಕಥೆ ಓದಿ ಮರುಗುವ ನಾವು, ನಮ್ಮ ಮನೆಯ ಮೂಲೆ ಹಿಡಿದವಳನ್ನು ಸೊಕ್ಕಿನವಳೆನ್ನದೆ ವೈದ್ಯರ ಬಳಿಗೆ ಕರೆದೊಯ್ಯೋಣ; ಅವಳು ಮರಳಿ ಬರುವ ಮನೆಯನ್ನೂ ನೆಟ್ಟಗೆ ಮಾಡೋಣ.